ಕಮಾನಿಲ್ಲದ ಸೇತುವೆಗಳು: ಉಡುಪಿಯ ರೈಲುಹಾದಿಯೂ ಕಾರ್ಕಳದ ಕಲ್ಲುಕಟ್ಟಡವೂ

ಕೊಂಕಣ ರೈಲ್ವೆಯಲ್ಲಿ ಎಲ್ಲಕ್ಕಿಂತ ಮೊದಲು ಪ್ರಯಾಣಿಕರನ್ನು ಹೊತ್ತದ್ದು ಉಡುಪಿಯ ಭಾಗ. 1993ರ ಮಾರ್ಚ್ 20ರಂದು ಮಂಗಳೂರು–ಉಡುಪಿ ನಡುವೆ ರೈಲು ಓಡಿತು. ಉತ್ತರದ ತುದಿಯಲ್ಲಿ ರೋಹಾದಿಂದ ವೀರ್‌ವರೆಗಿನ ಹಾದಿ ತೆರೆದದ್ದು ಅದೇ ವರ್ಷದ ಜೂನ್‌ನಲ್ಲಿ; ಎರಡು ತುದಿಗಳು ಸೇರಿ ಇಡೀ ಹಾದಿ ಒಂದಾದದ್ದು 1998ರ ಜನವರಿ 26ಕ್ಕೆ. ಹೀಗಿದ್ದರೂ ಕೊಂಕಣ ರೈಲ್ವೆಯ ಸೇತುವೆಗಳ ಮಾತು ಬಂದಾಗ ಎಲ್ಲರೂ ನೆನೆಯುವುದು ರತ್ನಗಿರಿ ಬಳಿಯ ಪನ್ವಲ್ ನದಿಯ 64 ಮೀಟರ್ ಎತ್ತರದ ಸೇತುವೆಯನ್ನು, ಇಲ್ಲವೇ ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದಕ್ಕೆ ಚಾಚಿಕೊಂಡ ಸೇತುವೆಯನ್ನು. ಉಡುಪಿ ಸೀಮೆಯ ಶಾಂಭವಿ, ಸ್ವರ್ಣಾ, ಸೀತಾ ನದಿಗಳ ಮೇಲಿನ ಸೇತುವೆಗಳಿಗೆ ಒಂದು ಸಾಲೂ ಸಿಗುವುದಿಲ್ಲ. ಅವು ಇತ್ತೀಚಿನವು, ಕಾಂಕ್ರೀಟಿನವು, ನೋಡಲು ಸರಳವಾದವು. ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆಯೊಂದು ಇಲ್ಲಿದ್ದಿದ್ದರೆ ಬರೆಯುವುದಕ್ಕೆ ಏನಾದರೂ ಇರುತ್ತಿತ್ತು ಎಂಬ ಭಾವನೆ ಇದರ ಹಿಂದಿದೆ. ಈ ಭಾವನೆಯನ್ನು ಒಪ್ಪಲು ಸಾಧ್ಯವಿಲ್ಲ ಎಂಬುದೇ ಈ ಲೇಖನದ ವಾದ. ಉಡುಪಿಯಲ್ಲಿ ಕಲ್ಲಿನ ಕಮಾನಿನ ರೈಲು ಸೇತುವೆ ಇಲ್ಲದಿರುವುದಕ್ಕೆ ತಡವಾಗಿ ಬಂದ ರೈಲು ಒಂದೇ ಕಾರಣವಲ್ಲ. ಈ ನೆಲ ಕಮಾನನ್ನು ಬೇಡುವ ನೆಲವೇ ಅಲ್ಲ. ಇಲ್ಲಿ ಬಂದ ಕಂಬ–ತೊಲೆಯ ಸೇತುವೆಗಳನ್ನು ಕಟ್ಟಡ ಪರಂಪರೆಯ ಸಾಲಿನಲ್ಲಿ ಕೂರಿಸುವುದಾದರೆ ಅವುಗಳ ಜಾಗ ಇಂಗ್ಲೆಂಡಿನ ಕಮಾನುಗಳ ಹಿಂದೆಯಲ್ಲ, ಕಾರ್ಕಳದ ಚತುರ್ಮುಖ ಬಸದಿಯ ಪಕ್ಕದಲ್ಲಿ.

ಮೊದಲ ಕಾಲದ ಕಲ್ಲಿನ ರೈಲು ಸೇತುವೆ ಎಂದರೆ ಏನೆಂಬುದನ್ನು ಅದು ಹುಟ್ಟಿದ ಕಡೆಯೇ ನೋಡಬೇಕು. ಇಂಗ್ಲೆಂಡಿನ ಡಾರ್ಲಿಂಗ್ಟನ್ ಪಟ್ಟಣದಲ್ಲಿ ಸ್ಕರ್ನ್ ಎಂಬ ಸಣ್ಣ ಹೊಳೆಯ ಮೇಲಿನ ಸೇತುವೆ ಅದು. ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲು 1825ರ ಸೆಪ್ಟೆಂಬರ್ 27ರಂದು ಶುರುವಾದಾಗ ಅದರ ಮೇಲೆಯೇ ಹಾದುಹೋಯಿತು, ಇಂದಿಗೂ ರೈಲುಗಳು ಹಾದುಹೋಗುತ್ತಿವೆ. ಡರಮ್‌ನ ವಾಸ್ತುಶಿಲ್ಪಿ ಇಗ್ನೇಷಿಯಸ್ ಬೊನೋಮಿ ಅದರ ವಿನ್ಯಾಸ ಮಾಡಿದ. ನಡುವೆ ಹೊಳೆಗೆ ಒಂದು ದೊಡ್ಡ ಕಮಾನು, ಎರಡು ಪಕ್ಕಗಳಲ್ಲಿ ಒಂದೊಂದು ಚಿಕ್ಕ ಕಮಾನು. ಅದೇ ರೈಲುಹಾದಿಯಲ್ಲಿ ಗಾನ್‌ಲೆಸ್ ಹೊಳೆಗೆ ಜಾರ್ಜ್ ಸ್ಟೀಫನ್‌ಸನ್ ಕಬ್ಬಿಣದ ಸೇತುವೆ ಹಾಕಿಸಿದ್ದ. ಹೆಚ್ಚಿದ ಭಾರ ತಾಳದ ಆ ಸೇತುವೆಯನ್ನು 1901ರಲ್ಲಿ ಬಿಚ್ಚಿ ತೆಗೆದರು, ಈಗ ಅದು ಸಂಗ್ರಹಾಲಯದ ವಸ್ತು. ಹಳೆಯದೆಂದು ತೋರುವ ಕಲ್ಲು ಉಳಿಯಿತು, ಹೊಸದಾಗಿದ್ದ ಕಬ್ಬಿಣ ಹೋಯಿತು. 1990ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹೊರಡಿಸಿದ ಐದು ಪೌಂಡಿನ ನೋಟಿನಲ್ಲಿ ಸ್ಟೀಫನ್‌ಸನ್‌ನ ಜೊತೆಗೆ ಸ್ಕರ್ನ್ ಸೇತುವೆಯ ಚಿತ್ರವೂ ಇತ್ತು. ಕೊಂಕಣ ರೈಲ್ವೆ ನಿಗಮ ನೋಂದಣಿಯಾದದ್ದೂ ಅದೇ 1990ರಲ್ಲಿ, ಜುಲೈ 19ರಂದು. ಒಂದು ದೇಶ ತನ್ನ ಸೇತುವೆಯನ್ನು ನೋಟಿನ ಮೇಲೆ ಅಚ್ಚುಹಾಕಿ ನೆನೆಯುತ್ತಿದ್ದ ಹೊತ್ತಿನಲ್ಲಿ ನಮ್ಮ ಸೇತುವೆಗಳನ್ನು ಇನ್ನೂ ಕಟ್ಟಬೇಕಿತ್ತು.

ಕಮಾನು ಕಲ್ಲಿಗೆ ಹೇಳಿ ಮಾಡಿಸಿದ ರೂಪ ಎನ್ನುವುದರಲ್ಲಿ ಅನುಮಾನವಿಲ್ಲ. ಕಲ್ಲು ಒತ್ತುವ ಭಾರವನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆಯುವ ಭಾರಕ್ಕೆ ಬಿರಿಯುತ್ತದೆ. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ, ಎಳೆತಕ್ಕೆ ಎಡೆಯೇ ಇಲ್ಲ. ಹೀಗಾಗಿ ಸಣ್ಣ ಸಣ್ಣ ಕಲ್ಲುಗಳಿಂದ ದೊಡ್ಡ ಹರವನ್ನು ದಾಟಬಹುದು. ಆದರೆ ಈ ಅನುಕೂಲಕ್ಕೆ ಒಂದು ಬೆಲೆಯಿದೆ. ಕಮಾನು ಭಾರವನ್ನು ನೇರ ಕೆಳಗೆ ಇಳಿಸುವುದಿಲ್ಲ, ಎರಡು ಬದಿಗಳಿಗೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆದು ನಿಲ್ಲಬಲ್ಲ ದಡ ಬೇಕು, ಕೆಳಗೆ ಜಗ್ಗದ ನೆಲ ಬೇಕು. ಪಾಯ ಸ್ವಲ್ಪ ಜರುಗಿದರೂ ಕಮಾನು ಬಾಯಿ ಬಿಡುತ್ತದೆ. ಪಶ್ಚಿಮ ಭಾರತದ ಹಳೆಯ ರೈಲುಹಾದಿಗಳಲ್ಲಿ ಕಲ್ಲಿನ ಕಮಾನುಗಳು ಗಟ್ಟಿಬಂಡೆಯ ಸೀಮೆಗಳಲ್ಲಿ ಕಾಣಸಿಗುವುದು ಇದರಿಂದಲೇ. ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು ಮರ್ಮಗೋವಾ ಬಂದರಿಗೆ ಹೋಗುವ, 1880ರ ದಶಕದಲ್ಲಿ ಕಟ್ಟಿದ ಹಾದಿಯಲ್ಲಿ ದೂಧ್‌ಸಾಗರ್ ಜಲಪಾತದ ಎದುರು ನಿಂತ ಕಮಾನು ಸೇತುವೆ ಇದಕ್ಕೆ ನಮಗೆ ಹತ್ತಿರದ ಸಾಕ್ಷಿ. ಅಲ್ಲಿ ಸೇತುವೆಯ ಕಾಲ ಬುಡದಲ್ಲಿರುವುದು ಘಟ್ಟದ ಬಂಡೆ.

ಹಾಗಾದರೆ ಉಡುಪಿಯ ಸೀಮೆಗೆ ಕಲ್ಲಿನ ಕೊರತೆ ಇತ್ತೇ, ಕೈಚಳಕದ ಕೊರತೆ ಇತ್ತೇ? ಎರಡೂ ಇರಲಿಲ್ಲ. ಇಲ್ಲಿ ಕಾರ್ಕಳವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ. 1432ರಲ್ಲಿ ಭೈರರಸರ ವೀರಪಾಂಡ್ಯ ಪಾದೆಯ ಗುಡ್ಡದ ನೆತ್ತಿಯ ಮೇಲೆ ಸುಮಾರು 42 ಅಡಿಯ ಏಕಶಿಲೆಯ ಗೊಮ್ಮಟನನ್ನು ನಿಲ್ಲಿಸಿದ. 1586ರಲ್ಲಿ ಇಮ್ಮಡಿ ಭೈರರಸ ಎದುರಿನ ದಿಣ್ಣೆಯ ಮೇಲೆ ಚತುರ್ಮುಖ ಬಸದಿಯನ್ನು ಕಟ್ಟಿಸಿದ. ನಾಲ್ಕು ದಿಕ್ಕಿಗೂ ಒಂದೇ ರೀತಿ ತೆರೆದುಕೊಂಡ ಆ ಕಟ್ಟಡದಲ್ಲಿ 108 ಕಂಬಗಳು, ಮೇಲೆ ಕಲ್ಲಿನ ತೊಲೆ, ಕಲ್ಲಿನದೇ ಹಾಸು ಚಾವಣಿ. ಹಿರಿಯಂಗಡಿಯ ಮಾನಸ್ತಂಭ ಐವತ್ತು ಅಡಿಗೂ ಮಿಕ್ಕು ನೇರವಾಗಿ ನಿಂತಿದೆ. ಈ ಕೌಶಲ ಅರಸರ ಜೊತೆಗೆ ಮುಗಿದುಹೋದದ್ದೂ ಅಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದವರು ರೆಂಜಾಳ ಗೋಪಾಲ ಶೆಣೈ. ಮೂರ್ತಿಯನ್ನು 1973ರಲ್ಲಿ ರಸ್ತೆಯ ಮೂಲಕ ಸಾಗಿಸಿದರು, 1982ರಲ್ಲಿ ಪ್ರತಿಷ್ಠೆಯಾಯಿತು. ಅಂದರೆ ಉಡುಪಿಗೆ ರೈಲು ಬರುವುದಕ್ಕೆ ಬರೀ ಇಪ್ಪತ್ತು ವರ್ಷ ಮುಂಚಿನವರೆಗೂ ಇಡೀ ಬಂಡೆಯನ್ನು ಕಡೆದು, ಎತ್ತಿ, ಸಾಗಿಸಿ, ನಿಲ್ಲಿಸುವ ವಿದ್ಯೆ ಇದೇ ತಾಲೂಕಿನಲ್ಲಿ ಜೀವಂತವಾಗಿತ್ತು. ಬ್ರಿಟಿಷರೂ ಇಲ್ಲಿ ಕಲ್ಲುಕಟ್ಟಡವನ್ನು ಬಿಟ್ಟವರಲ್ಲ. 1901ರ ಕಾಪು ದೀಪಸ್ತಂಭ 27 ಮೀಟರ್ ಎತ್ತರಕ್ಕೆ, ಸಮುದ್ರದ ಅಲೆ ಬಡಿಯುವ ಜಾಗದಲ್ಲೇ, ಇಂದಿಗೂ ಗಟ್ಟಿಯಾಗಿದೆ. ಅದು ನಿಂತಿರುವುದು ಮರಳಿನ ಮೇಲಲ್ಲ, ಬಂಡೆಯ ಮೇಲೆ ಎಂಬುದನ್ನು ಗಮನಿಸಬೇಕು. ಕಾರ್ಕಳದ ಗುಡ್ಡವಾಗಲಿ ಕಾಪುವಿನ ಕಡಲತೀರವಾಗಲಿ, ಕಲ್ಲಿನ ಕಟ್ಟಡ ನಿಂತದ್ದು ಪಾದೆ ಸಿಕ್ಕ ಕಡೆ.

ಕಾರ್ಕಳದ ಕಲ್ಲುಕಟ್ಟಡದಲ್ಲಿ ಇನ್ನೊಂದು ಸಂಗತಿ ಇದೆ, ನನ್ನ ವಾದ ನಿಂತಿರುವುದೇ ಅದರ ಮೇಲೆ. ಅಷ್ಟು ದೊಡ್ಡ ಕೆಲಸ ಮಾಡಿದ ಶಿಲ್ಪಿಗಳು ಬಸದಿಯನ್ನು ಹೊರಿಸಿದ್ದು ಕಮಾನುಗಳ ಮೇಲಲ್ಲ. ಕಂಬ ನೆಡು, ಮೇಲೆ ಬೋದಿಗೆ ಇಡು, ಅದರ ಮೇಲೆ ತೊಲೆ ಹಾಯಿಸು, ತೊಲೆಯ ಮೇಲೆ ಚಪ್ಪಡಿ ಹಾಸು: ಇಷ್ಟೇ ಅವರ ವ್ಯಾಕರಣ. ಭಾರವೆಲ್ಲ ನೇರ ಕೆಳಗಿಳಿಯುತ್ತದೆ. ಪಕ್ಕಕ್ಕೆ ತಳ್ಳುವ ಬಲ ಹುಟ್ಟುವುದೇ ಇಲ್ಲ, ಅದನ್ನು ತಡೆಯುವ ದಪ್ಪ ಗೋಡೆಯೂ ಬೇಕಿಲ್ಲ. ಬಸದಿ ನಾಲ್ಕು ಕಡೆಗೂ ತೆರೆದು ನಿಲ್ಲಲು ಸಾಧ್ಯವಾದದ್ದರಲ್ಲಿ ಇದರ ಪಾಲು ದೊಡ್ಡದು. ಆದರೆ ಈ ಕ್ರಮಕ್ಕೂ ಮಿತಿಯಿದೆ. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಕಲ್ಲು ತಾಳದೆ ಹೋಗುವುದು ಈ ಎಳೆತವನ್ನೇ. ಹಾಗಾಗಿ ಕಲ್ಲಿನ ತೊಲೆ ಕೆಲವೇ ಅಡಿಗಳ ಅಂತರವನ್ನು ದಾಟಬಲ್ಲದು, ಅಷ್ಟಷ್ಟು ಹತ್ತಿರಕ್ಕೆ ಕಂಬಗಳು ಬೇಕಾಗುತ್ತವೆ. ಬಸದಿಯ ಮಂಟಪಕ್ಕೆ ಕಂಬಗಳ ಸಾಲು ಶೋಭೆ ತರುತ್ತದೆ. ಮಳೆಗಾಲದಲ್ಲಿ ಮರದ ದಿಮ್ಮಿಗಳನ್ನು ಹೊತ್ತು ಬರುವ ಹೊಳೆಯಲ್ಲಿ ಹಾಗೆ ಕಂಬ ನೆಟ್ಟರೆ ಅದು ಸೇತುವೆಯಾಗುವುದಿಲ್ಲ, ಕಟ್ಟವಾಗುತ್ತದೆ.

ಈಗ ಹೊಳೆಗಳಿಗೆ ಬರೋಣ. ಸ್ವರ್ಣೆ ಕಾರ್ಕಳದ ಘಟ್ಟದ ಬುಡದಿಂದ ಹರಿದು ಬರುತ್ತದೆ. ಬಜೆಯಲ್ಲಿ ಉಡುಪಿ–ಮಣಿಪಾಲಗಳಿಗೆ ಕುಡಿಯುವ ನೀರು ಕೊಟ್ಟು, ಕಲ್ಯಾಣಪುರವನ್ನು ಹಾದು, ಸೀತೆಯ ಜೊತೆಗೆ ಕೋಡಿಬೆಂಗ್ರೆಯ ಬಳಿ ಕಡಲು ಸೇರುತ್ತದೆ. ಮೇಲಿನ ಹರಿವಿನಲ್ಲಿ ಪಾದೆಗಳ ನಡುವೆ ಓಡುವ ಈ ನದಿಗಳು ರೈಲುಹಾದಿ ದಾಟುವ ಜಾಗಕ್ಕೆ ಬರುವಾಗ ಬೇರೆಯೇ ಸ್ವಭಾವ ತಾಳಿರುತ್ತವೆ. ಹರವು ಅಗಲ, ದಡ ತಗ್ಗು, ತಳದಲ್ಲಿ ಮರಳು ಮತ್ತು ಕೆಸರು, ಕಡಲಿನ ಉಬ್ಬರ–ಇಳಿತದ ಉಪ್ಪುನೀರು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಹರಿದು ಹೋಗಬೇಕು. ದಡದ ಮೇಲಿನ ಮುರಕಲ್ಲು ಮನೆ ಕಟ್ಟಲು ಒಳ್ಳೆಯದು: ನೆಲದಲ್ಲಿರುವಾಗ ಕತ್ತಿಯಿಂದ ಕಡಿಯುವಷ್ಟು ಮೆದು, ಗಾಳಿ ತಾಗಿದಂತೆ ಗಟ್ಟಿ. ಆದರೆ ಅದು ಸಂದುಸಂದಾದ, ನೀರು ಹೀರುವ ಕಲ್ಲು. ಅದರ ಕೆಳಗೆ ಅನೇಕ ಕಡೆ ಮೆತ್ತನೆಯ ಜೇಡಿಯ ಪದರವಿರುತ್ತದೆ. ಎರಡೂ ಬದಿಗೆ ತಳ್ಳುವ ಕಮಾನಿಗೆ ಒರಗು ಕೊಡಬಲ್ಲ ನೆಲ ಇದಲ್ಲ. ತಗ್ಗು ದಡದಲ್ಲಿ ಕಮಾನಿಗೆ ಬೇಕಾದ ಎತ್ತರವೂ ಸಿಗುವುದಿಲ್ಲ. ಕಮಾನಿನ ಭುಜಗಳು ನೆರೆನೀರಿನ ದಾರಿಯನ್ನು ಕಿರಿದು ಮಾಡುತ್ತವೆ, ಅದಕ್ಕೆ ಪರಿಹಾರವಾಗಿ ಹಾದಿಯನ್ನೇ ಎತ್ತರಿಸಿದರೆ ಗದ್ದೆಗಳ ನಡುವೆ ಮೈಲುಗಟ್ಟಲೆ ಮಣ್ಣಿನ ದಿಬ್ಬ ಹಾಕಬೇಕು.

ಹಾದಿಯನ್ನು ಸ್ವಲ್ಪ ಸರಿಸಿ ಬಂಡೆ ಇರುವ ಕಡೆ ಹೊಳೆ ದಾಟಬಹುದಿತ್ತಲ್ಲ ಎಂದು ಕೇಳಬಹುದು. ಹಳೆಯ ಗಾಡಿರಸ್ತೆಗಳು ಮಾಡುತ್ತಿದ್ದದ್ದು ಅದನ್ನೇ. ರೈಲಿಗೆ ಆ ಸ್ವಾತಂತ್ರ್ಯ ಕಡಿಮೆ, ಕೊಂಕಣ ರೈಲ್ವೆಗಂತೂ ಇಲ್ಲವೇ ಇಲ್ಲ ಎನ್ನಬೇಕು. ಗಂಟೆಗೆ 160 ಕಿಲೋಮೀಟರ್ ವೇಗಕ್ಕೆ ಹೊಂದುವಂತೆ ಅದರ ವಿನ್ಯಾಸ ನಡೆಯಿತು. 150 ಅಡಿ ಸಾಗಿದರೆ ಒಂದು ಅಡಿಗಿಂತ ಹೆಚ್ಚು ಏರು ಇರಬಾರದು, ತಿರುವುಗಳ ತ್ರಿಜ್ಯ 1,250 ಮೀಟರಿಗಿಂತ ಕಡಿಮೆ ಆಗಬಾರದು ಎಂಬ ಕಟ್ಟುಪಾಡು ಇತ್ತು. ಇಂಥ ಹಾದಿ ನದಿಯ ಇಷ್ಟವನ್ನು ಕೇಳುವುದಿಲ್ಲ. ತನ್ನ ಗೆರೆ ಎಲ್ಲಿ ನದಿಯನ್ನು ಮುಟ್ಟುತ್ತದೋ ಅಲ್ಲೇ ದಾಟಬೇಕು, ಅಲ್ಲಿ ಸಿಕ್ಕ ನೆಲದ ಮೇಲೇ ನಿಲ್ಲಬೇಕು. ಇನ್ನಂಜೆಯಿಂದ ಉಡುಪಿಯ ನಿಲ್ದಾಣವಿರುವ ಇಂದ್ರಾಳಿಗೆ, ಇಂದ್ರಾಳಿಯಿಂದ ಬಾರಕೂರಿಗೆ ಹೋಗುವ ಹಳಿ ಗುಡ್ಡವನ್ನು ಸೀಳಿ, ಗದ್ದೆಯಲ್ಲಿ ದಿಬ್ಬ ಏರಿ, ಹೊಳೆಯ ಮೇಲೆ ಮಟ್ಟಸವಾಗಿ ಸಾಗುವುದು ಈ ಕಾರಣಕ್ಕೆ. ಕಾರ್ಕಳ ತಾಲೂಕಿಗೆ ಇಂದಿಗೂ ರೈಲು ನಿಲ್ದಾಣವಿಲ್ಲದಿರುವುದರ ಒಂದು ಬೇರೂ ಇಲ್ಲಿದೆ: ಹಾದಿ ಕಡಲಿನ ಬದಿಯ ತಗ್ಗನ್ನು ಹಿಡಿಯಿತು, ಪಾದೆಯ ಸೀಮೆಯನ್ನು ಬಿಟ್ಟಿತು.

ಈ ಹಾದಿ ಯಾವ ಸಂಸ್ಥೆಯ ಕೈಯಿಂದ ಬಂತು ಎಂಬುದೂ ಸೇತುವೆಗಳ ರೂಪವನ್ನು ತೀರ್ಮಾನಿಸಿತು. ಮಂಗಳೂರಿಗೆ ದಕ್ಷಿಣದಿಂದ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಉಡುಪಿಗೆ ಬರಲು ಅದಕ್ಕೆ 86 ವರ್ಷ ಹಿಡಿಯಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1989ರ ಕೊನೆಯಲ್ಲಿ ರೈಲ್ವೆ ಸಚಿವರಾದರು, ಕೊಂಕಣದ ಮಧು ದಂಡವತೆ ಹಣಕಾಸು ಸಚಿವರಾಗಿದ್ದರು. ರೈಲ್ವೆಯ ಮಾಮೂಲು ಬಜೆಟ್ಟಿನ ಹೊರಗೆ, ಕೇಂದ್ರಕ್ಕೆ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ತಲಾ 6 ಶೇಕಡಾ ಪಾಲಿರುವ ನಿಗಮವೊಂದು ರೂಪುಗೊಂಡಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಬಂಡವಾಳದ ದೊಡ್ಡ ಭಾಗ ಬಾಂಡುಗಳ ಸಾಲ. ಸಾಲದ ಬಡ್ಡಿ ಮಳೆಗಾಲದಲ್ಲೂ ನಿಲ್ಲುವುದಿಲ್ಲ. ವರ್ಷಕ್ಕೆ ಎಂಟು ತಿಂಗಳು ಮಾತ್ರ ಹೊಳೆಯಲ್ಲಿ ಕೆಲಸ ಸಾಗುವ ನಾಡಿನಲ್ಲಿ ಒಂದೊಂದೇ ಕಲ್ಲನ್ನು ಕೆತ್ತಿ, ಮರದ ಅಚ್ಚಿನ ಮೇಲೆ ಕಮಾನು ಜೋಡಿಸಿ, ಗಾರೆ ಗಟ್ಟಿಯಾಗಲು ಕಾಯುವ ವಿಧಾನ ಇಂಥ ಸಂಸ್ಥೆಗೆ ಹೊಂದುವಂಥದ್ದಲ್ಲ. ಇಡೀ ಹಾದಿಯಲ್ಲಿ ಚಿಕ್ಕದು ದೊಡ್ಡದು ಸೇರಿ ಸುಮಾರು ಎರಡು ಸಾವಿರ ಸೇತುವೆಗಳನ್ನು, ತೊಂಬತ್ತಕ್ಕೂ ಹೆಚ್ಚು ಸುರಂಗಗಳನ್ನು ಎಂಟು ವರ್ಷದೊಳಗೆ ಮುಗಿಸಬೇಕಾದಾಗ ದಡದಲ್ಲೇ ತೊಲೆ ಎರಕ ಹೊಯ್ದು, ಕಂಬಗಳ ಮೇಲೆ ಏರಿಸುವ ಕ್ರಮವೇ ಕೈಹಿಡಿದದ್ದು.

ಹೀಗೆ ಬಂದ ಪ್ರಿಸ್ಟ್ರೆಸ್ಡ್ ಕಾಂಕ್ರೀಟ್ ತೊಲೆ ಕಾರ್ಕಳದ ಶಿಲ್ಪಿಗಳು ನಿಂತುಹೋದ ಜಾಗದಿಂದ ಮುಂದೆ ಹೆಜ್ಜೆ ಇಟ್ಟಿದೆ. ಕಾಂಕ್ರೀಟೂ ಕಲ್ಲಿನ ಜಾತಿಯದೇ: ಒತ್ತುವ ಭಾರಕ್ಕೆ ಬಲಿಷ್ಠ, ಎಳೆತಕ್ಕೆ ದುರ್ಬಲ. ತೊಲೆಯ ಒಳಗೆ ಉಕ್ಕಿನ ತಂತಿಗಳನ್ನು ಹಾಯಿಸಿ, ಬಿಗಿಯಾಗಿ ಎಳೆದು, ಎರಡು ತುದಿಗಳಲ್ಲಿ ಕಚ್ಚಿಸಿದರೆ ಇಡೀ ತೊಲೆ ಮೊದಲೇ ಒತ್ತಿಕೊಂಡ ಸ್ಥಿತಿಯಲ್ಲಿ ನಿಲ್ಲುತ್ತದೆ. ಸಾಲಾಗಿ ಜೋಡಿಸಿದ ಪುಸ್ತಕಗಳನ್ನು ಎರಡು ಅಂಗೈಗಳಿಂದ ಒತ್ತಿ ಹಿಡಿದರೆ ನಡುವಿನ ಪುಸ್ತಕಗಳು ಬೀಳದೆ ಎದ್ದುಬರುತ್ತವಲ್ಲ, ಅದೇ ತತ್ವ. ಮೇಲೆ ರೈಲು ಬಂದಾಗ ತೊಲೆಯ ಕೆಳಭಾಗದಲ್ಲಿ ಹುಟ್ಟುವ ಎಳೆತ ಈ ಒತ್ತಡವನ್ನು ಸ್ವಲ್ಪ ಕಳೆಯುತ್ತದೆ, ಬಿರುಕು ಹುಟ್ಟಿಸುವಷ್ಟು ಬೆಳೆಯುವುದಿಲ್ಲ. ಚಪ್ಪಡಿಕಲ್ಲು ಕೆಲವು ಅಡಿ ದಾಟುತ್ತಿದ್ದ ಕಡೆ ಈ ತೊಲೆ ಹತ್ತಾರು ಮೀಟರ್ ದಾಟುತ್ತದೆ, ಭಾರವನ್ನು ಮಾತ್ರ ಬಸದಿಯ ತೊಲೆಯಂತೆಯೇ ನೇರವಾಗಿ ಕಂಬಕ್ಕೆ ಇಳಿಸುತ್ತದೆ. ಕಂಬದ ಕೆಳಗೆ ಬಾವಿಯಂತೆ ಇಳಿಸಿದ ಪಾಯವೋ ಪೈಲುಗಳೋ ಕೆಸರನ್ನು ದಾಟಿ ಗಟ್ಟಿ ಪದರವನ್ನು ಹುಡುಕುತ್ತವೆ. ಪಾದೆ ಇದ್ದಲ್ಲಿಗೆ ಕಟ್ಟಡವನ್ನು ಒಯ್ದವರು ಭೈರರಸರು. ಕಟ್ಟಡ ಇರಬೇಕಾದಲ್ಲಿಂದ ಪಾದೆಯವರೆಗೆ ಇಳಿದವರು ರೈಲ್ವೆ ಎಂಜಿನಿಯರರು.

ಈ ವಾದಕ್ಕೆ ಸಹಜವಾಗಿ ಬರುವ ಆಕ್ಷೇಪ ಒಂದಿದೆ: ಸೇತುವೆಯ ನಕ್ಷೆ ತೆಗೆದವರು ಚತುರ್ಮುಖ ಬಸದಿಯನ್ನು ನೋಡಿ ನಕ್ಷೆ ತೆಗೆಯಲಿಲ್ಲ, ಕಂಬ–ತೊಲೆ ಲೋಕದ ಎಲ್ಲ ಕಡೆ ಇರುವ ರೂಪ, ಎರಡನ್ನೂ ಒಂದು ವಂಶಕ್ಕೆ ಸೇರಿಸುವುದು ಊರಿನ ಅಭಿಮಾನವಷ್ಟೇ. ಪ್ರಭಾವದ ಮಾತಾದರೆ ಆಕ್ಷೇಪ ಪೂರ್ತಿ ಸರಿ, ಅಂಥ ಪ್ರಭಾವವನ್ನು ನಾನು ಹೇಳುತ್ತಲೂ ಇಲ್ಲ. ನಾನು ಹೇಳುವುದು ರಚನೆಯ ನಂಟನ್ನು. ಒಂದು ಸೇತುವೆಯನ್ನು ವಾಸ್ತುವಾಗಿ ಓದುವಾಗ ಭಾರ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದೇ ಮೊದಲ ಪ್ರಶ್ನೆ. ಆ ಪ್ರಶ್ನೆಗೆ ಸ್ವರ್ಣೆಯ ಸೇತುವೆ ಕೊಡುವ ಉತ್ತರ ಬಸದಿ ಕೊಡುವ ಉತ್ತರವೇ, ಸ್ಕರ್ನ್ ಕೊಡುವ ಉತ್ತರವಲ್ಲ. ಹೀಗೆ ಓದಿದರೆ ಕಾರ್ಕಳಕ್ಕೆ ಬರುವ ಶಾಲಾಮಕ್ಕಳಿಗೆ ಬಸದಿಯ ತೊಲೆ ತೋರಿಸಿ, ಅದೇ ದಿನ ಸ್ವರ್ಣೆಯ ದಡದಲ್ಲಿ ರೈಲಿನ ತೊಲೆ ತೋರಿಸಿ ಒಂದೇ ಪಾಠ ಹೇಳಬಹುದು. ಕಮಾನಿನ ಹಂಬಲದಲ್ಲಿ ಓದಿದರೆ ನಮ್ಮ ಸೇತುವೆಗಳಲ್ಲಿ ಕಾಣುವುದು ಇಲ್ಲದ್ದರ ಪಟ್ಟಿ ಮಾತ್ರ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 1854ರಲ್ಲಿ ಠಾಣೆಯಿಂದ ಕಲ್ಯಾಣಕ್ಕೆ ರೈಲು ಮುಂದುವರಿದಾಗ ಠಾಣೆಯ ಖಾರಿಯನ್ನು ಕಲ್ಲಿನ ಕಮಾನುಗಳ ಮೇಲೇ ದಾಟಿಸಿದರು. ಅದೂ ಉಬ್ಬರದ ನೀರೇ. ಆ ಕಾಲದಲ್ಲೇ ಉಡುಪಿಗೆ ರೈಲು ಬಂದಿದ್ದರೆ ಇಲ್ಲೂ ಹಾಗೆ ಕಟ್ಟುತ್ತಿರಲಿಲ್ಲವೇ? ಠಾಣೆಯದು ಬಸಾಲ್ಟ್ ಬಂಡೆಯ ನಾಡು ಎಂಬ ವ್ಯತ್ಯಾಸವನ್ನು ಮೊದಲು ನೆನೆಯಬೇಕು. ಅದಕ್ಕಿಂತ ಹತ್ತಿರದ ಉತ್ತರ ನಮ್ಮ ಜಿಲ್ಲೆಯ ಹಳೆಯ ಗಡಿಯೊಳಗೇ ಇದೆ. 1997ರ ಆಗಸ್ಟ್‌ವರೆಗೆ ಉಡುಪಿಯೂ ದಕ್ಷಿಣ ಕನ್ನಡಕ್ಕೇ ಸೇರಿತ್ತು. 1907ರಲ್ಲಿ ಮಂಗಳೂರಿಗೆ ಬಂದ ರೈಲು ನೇತ್ರಾವತಿಯನ್ನು ದಾಟಬೇಕಾಯಿತು. ಕಲ್ಲಿನ ಕಮಾನಿನ ಅರ್ಧ ಶತಮಾನದ ಅನುಭವ ಕೈಯಲ್ಲಿದ್ದ ಬ್ರಿಟಿಷ್ ಎಂಜಿನಿಯರರು ಅಲ್ಲಿ ಆರಿಸಿಕೊಂಡದ್ದು ಕಂಬಗಳ ಮೇಲೆ ಉಕ್ಕಿನ ತೊಲೆ. ಅದೇ ಅಗಲವಾದ ಅಳಿವೆ, ಅದೇ ಮರಳು, ಅದೇ ಮಳೆ, ಅದೇ ಉತ್ತರ. ರೈಲು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಉತ್ತರಕ್ಕೆ ಬಂದಿದ್ದರೂ ಶಾಂಭವಿಯ ಮೇಲೆ ಬರುತ್ತಿದ್ದದ್ದು ಅದೇ ಬಗೆಯ ಸೇತುವೆ. ಕಲ್ಲಿಗೆ ಕಂಬಗಳಲ್ಲಿ, ಸಣ್ಣ ತೋಡುಗಳ ಮೋರಿಗಳಲ್ಲಿ ಜಾಗ ಸಿಗುತ್ತಿತ್ತು, ನದಿಯ ಹರವಿನಲ್ಲಿ ಅಲ್ಲ.

ಉಳಿಯುವ ಆಕ್ಷೇಪ ಬಾಳಿಕೆಯದು, ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ಸ್ಕರ್ನ್ ಸೇತುವೆ ಇನ್ನೂರು ವರ್ಷ ಕಂಡಿತು, ಚತುರ್ಮುಖ ಬಸದಿ ನಾನೂರನ್ನು ದಾಟಿತು. ಉಪ್ಪುಗಾಳಿಯ ಕಾಂಕ್ರೀಟಿಗೆ ಅಷ್ಟು ಆಯುಷ್ಯವನ್ನು ಯಾರೂ ಹೇಳಲಾರರು. ಉಪ್ಪು ಒಳಗಿಳಿದು ಉಕ್ಕಿಗೆ ತುಕ್ಕು ತಗುಲಿದರೆ ತುಕ್ಕು ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ, ಬಿಗಿದ ತಂತಿ ಸಡಿಲಾದರೆ ತೊಲೆಯ ಬಲವೇ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಇದು ಬೇಗ ಕಾಣುವುದಿಲ್ಲ. ಕಲ್ಲಿನ ಕಮಾನು ತನ್ನ ನಕ್ಷೆಯನ್ನು ಮೈಮೇಲೇ ಹೊತ್ತಿರುತ್ತದೆ. ಪ್ರತಿ ಕಲ್ಲನ್ನೂ ಎಣಿಸಬಹುದು, ಅಳೆಯಬಹುದು. ಪ್ರಿಸ್ಟ್ರೆಸ್ಡ್ ತೊಲೆಯ ಮುಖ್ಯ ಭಾಗ ಕಣ್ಣಿಗೆ ಬೀಳದೆ ಒಳಗಿದೆ. ಅದರ ಚರಿತ್ರೆ ಉಳಿಯುವುದು ಕಾಗದದಲ್ಲಿ ಮಾತ್ರ: ಎಷ್ಟು ಆಳಕ್ಕೆ ಪಾಯ ಇಳಿಯಿತು, ಯಾವ ಆಳದಲ್ಲಿ ಯಾವ ಮಣ್ಣು ಸಿಕ್ಕಿತು, ತಂತಿಯನ್ನು ಎಷ್ಟು ಬಲದಿಂದ ಎಳೆದರು, ನೆರೆಯ ಮಟ್ಟ ಎಲ್ಲಿಯವರೆಗೆ ಬಂತು. ಈ ಕಾರಣಕ್ಕೆ, ಹಳೆಯ ಕಲ್ಲಿನ ಸೇತುವೆಗಿಂತ ಹೊಸ ಕಾಂಕ್ರೀಟ್ ಸೇತುವೆಗೇ ಬರಹದ ಚರಿತ್ರೆ ಹೆಚ್ಚು ಬೇಕು. ಮೊದಲು ತೆರೆದ ಭಾಗ ಎಂಬ ಕಾರಣಕ್ಕೆ ಮಂಗಳೂರು–ಉಡುಪಿ ನಡುವಿನ ಸೇತುವೆಗಳು ಇಡೀ ಕೊಂಕಣ ರೈಲ್ವೆಯಲ್ಲಿ ಅತಿ ಹೆಚ್ಚು ಕಾಲ ಪ್ರಯಾಣಿಕರ ರೈಲಿನ ಭಾರ ಹೊತ್ತವುಗಳ ಸಾಲಿನಲ್ಲಿವೆ. ಕರಾವಳಿಯ ಗಾಳಿಯಲ್ಲಿ ಇಂಥ ತೊಲೆ ಹೇಗೆ ಮುಪ್ಪಾಗುತ್ತದೆ ಎಂಬ ಪಾಠ ಸಿಗಬೇಕಾದದ್ದು ಇಲ್ಲೇ. ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸುವ ವಿಚಾರ ಮುಂದಿರುವ ಈ ಹೊತ್ತಿನಲ್ಲಿ ಕಡತಗಳ ಪ್ರಶ್ನೆ ತುರ್ತಿನದೂ ಹೌದು. ಒಂದು ಸಂಸ್ಥೆ ಇನ್ನೊಂದರೊಳಗೆ ಸೇರುವಾಗ ಆಸ್ತಿಯ ಪಟ್ಟಿ ಸರಿಯಾಗಿ ದಾಟುತ್ತದೆ, ನಿರ್ಮಾಣ ಕಾಲದ ಟಿಪ್ಪಣಿಗಳು ಮೂಲೆ ಸೇರುವ ಅಪಾಯ ಸದಾ ಇರುತ್ತದೆ. ಇಂದ್ರಾಳಿ ನಿಲ್ದಾಣದಿಂದ ಕೆಲವೇ ಕಿಲೋಮೀಟರ್ ದೂರದ ಮಣಿಪಾಲದಲ್ಲಿ 1957ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಮುಲ್ಕಿಯಿಂದ ಬಾರಕೂರಿನವರೆಗಿನ ಪ್ರತಿ ದೊಡ್ಡ ಸೇತುವೆಯ ಪಾಯದ ನಕ್ಷೆ, ಮಣ್ಣಿನ ಪರೀಕ್ಷೆಯ ದಾಖಲೆ, ತೊಲೆ ಎರಕದ ಕಡತ ಇವುಗಳ ಒಂದೊಂದು ಪ್ರತಿ ಅಲ್ಲಿನ ಗ್ರಂಥಾಲಯಕ್ಕೆ ಸೇರಬೇಕು. ಅಂದು ಕೆಲಸದ ಜಾಗದಲ್ಲಿದ್ದ ಎಂಜಿನಿಯರರಲ್ಲಿ, ಮೇಸ್ತ್ರಿಗಳಲ್ಲಿ ಅನೇಕರು ಈಗ ನಿವೃತ್ತರು. ಅವರು ಹೇಳುವುದನ್ನು ಬರೆದಿಟ್ಟುಕೊಳ್ಳುವ ಕೆಲಸ ಮುಂದಿನ ಮಳೆಗಾಲಕ್ಕೆ ಮೊದಲೇ ಶುರುವಾಗಲಿ.